ಬಿಗಿದ ನಳ

ಭಾಲ್ಕಿಯಿಂದ ಬಂದಿದ್ದ ದನದ ವ್ಯಾಪಾರಿ ಮಕ್ಸೂದ ಎಮ್ಮೆಯ ಕೊರಳಿಗೆ ತನ್ನ ಹಗ್ಗ ಹಾಕಿಯಾಗಿತ್ತು. ಸಖುಬಾಯಿ ಮಾತ್ರ ಅದರ ಬೆನ್ನ ಮೇಲಿಟ್ಟ ಕೈಯನ್ನು ಇನ್ನೂ ತೆಗೆದಿರಲಿಲ್ಲ.

“ಹಾಲು ಬತ್ತೀತಂತ ಮಾರವಳಲ್ಲ ನಾ. ಸೆಗಣಿ ಹಾಕತದ, ಅದರ ಮ್ಯಾಲ ಒಲಿ ಉರೀತದ ಅಂತ ಇಟಗೊಂಡಿದ್ದೆ. ಈಗ ತಿಂಗಳಾತು, ಗೋಬರ್ ಗ್ಯಾಸ್ ಒಲಿ ಭಕ್ ಭಕ್ ಅಂತದ, ಆರತದ. ಇನ್ನ ಯಾವ ಆಸೀಗೆ ಇದಕ್ಕ ಮೇವು ಹೊರಲಿ?” ಎಂದು ಆಕೆ ತಮ್ಮನಿಗೆ ಹೇಳಿದಳು.

ತಮ್ಮ ಕಾಶೀರಾಮ ಆ ಬೆಳಿಗ್ಗೆಯಷ್ಟೇ ಚಿಂತಾಕಿಗೆ ಬಂದಿದ್ದ. ಹಿಂದಿನ ಬರಕ್ಕೆ ಊರು ಬಿಟ್ಟವನು ಬಂಗಾಲದ ಕಲ್ಲಿದ್ದಲ ಸೀಮೆಯಲ್ಲಿ ಗ್ಯಾಸ್ ಬಾವಿಗಳ ಕೆಲಸಕ್ಕೆ ಸೇರಿದ್ದ. ಅವನು ಹಿತ್ತಿಲಿಗೆ ಹೋಗಿ ನೋಡಿದ. ಗ್ಯಾಸು ತುಂಬಿ ಸೆಗಣಿ ಗುಂಡಿಯ ಮೇಲಿನ ಡ್ರಮ್ಮು ಎತ್ತರಕ್ಕೆದ್ದಿತ್ತು. ಒಲೆ ಹಚ್ಚಿ ನೋಡಿದ. ಉರಿ ಎರಡು ಸಲ ಮಿನುಗಿ ಆರಿತು.

“ಗ್ಯಾಸ್ ಭರಪೂರ ಅದ. ಹಾದಿ ಇಲ್ಲ. ಪೈಪಿನ ನೀರು ತೆಗದಿಯೇನು, ಅಕ್ಕಾ?”

“ಪೈಪಿನ್ಯಾಗ ಎಲ್ಲೀ ನೀರೋ? ಬಾವ್ಯಾಗೇ ಇಲ್ಲ!”

ಗ್ಯಾಸಿನ ಹಬೆ ತಣಿದು ಪೈಪಿನಲ್ಲಿ ನಿಲ್ಲುವ ನೀರನ್ನು ಹೊರಬಿಡಲು ಅಂಗಳದ ತಗ್ಗಿನಲ್ಲಿ ಒಂದು ಸಣ್ಣ ನಳವಿತ್ತು. ಎಂಟು ದಿನಕ್ಕೊಮ್ಮೆ ತೆರೆಯಬೇಕೆಂದು ಕೂಡಿಸಿದವನು ಹೇಳಿಹೋಗಿದ್ದ. ಈ ಸಲ ಬರ ಬಿದ್ದ ಮೇಲೆ ಮನೆಯ ಯಾವ ನಳದಿಂದಲೂ ಹನಿ ಬೀಳಕೂಡದೆಂದು ಸಖುಬಾಯಿ ಅದಕ್ಕೂ ಅರಿವೆ ಸುತ್ತಿ ತಂತಿಯಿಂದ ಬಿಗಿದಿದ್ದಳು.

ತಂತಿ ಬಿಚ್ಚುತ್ತ ಕಾಶೀರಾಮ ಹೇಳಿದ: “ನಮ್ಮ ಕೆಲಸದಾಗೂ ಹಿಂಗೇ. ಕಲ್ಲಿದ್ದಲಿನ ಸಂದ್ಯಾಗ ಗ್ಯಾಸ್ ಇರತದ, ನೀರು ಅದನ್ನ ಒತ್ತಿ ಹಿಡದಿರತದ. ತಿಂಗಳಗಟ್ಟಲೆ ನೀರು ಎಳೀತೀವಿ. ನೀರು ಇಳೀತಂದ್ರ ಗ್ಯಾಸ್ ತಾನೇ ಬರತದ. ಮತ್ತ ನೀರು ಕೂಡೀತಂದ್ರ ಬಾವಿ ಬಂದ್.”

“ತಿಂಗಳಗಟ್ಟಲೆ ನೀರು ಚೆಲ್ಲತೀರಿ? ಕೈ ಹ್ಯಾಂಗ ಬರತದೋ ನಿಮಗ!”

ನಳ ತಿರುಗಿತು. ಗುಳುಗುಳು ಸದ್ದಿನೊಡನೆ ನಾರುವ ನೀರು ಹೊರಬಿತ್ತು. ಸಖುಬಾಯಿ ಓಡಿಹೋಗಿ ತಂಬಿಗೆ ತಂದು ಹಿಡಿದಳು. ಮುಕ್ಕಾಲು ತುಂಬುವಷ್ಟರಲ್ಲಿ ಗ್ಯಾಸು ಬುಸ್ಸೆಂದಿತು; ಕಾಶೀರಾಮ ನಳ ಮುಚ್ಚಿದ.

ಒಲೆ ನೀಲಿಯಾಗಿ ಹತ್ತಿತು. ಆರಲಿಲ್ಲ. ಸಖುಬಾಯಿ ಉರಿಯನ್ನು ನೋಡಿದಳು, ಮಕ್ಸೂದನನ್ನು ನೋಡಿದಳು. ಎಮ್ಮೆ ಮಾರುವ ಮಾತು ಕೊಟ್ಟಾಗಿತ್ತು.

ಮಕ್ಸೂದ ತಾನೇ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ಆ ಒಲಿ ಮ್ಯಾಲ ಒಂದು ಚಹಾ ಮಾಡ್ರಿ ಅಕ್ಕಾರ, ಕುಡದು ಹೋಗ್ತೇನಿ. ಆದ್ರ ನೀರು ಹೆಚ್ಚಾಗಿ ಒಲಿ ಆರಿತ್ತು ಅಂತ ಹೊರಗ ಯಾರ ಮುಂದೂ ಅನಬ್ಯಾಡ್ರಿ. ನಾಳಿಂದ ನಿಮ್ಮ ಓಣಿಗಿ ನೀರಿನ ಟ್ಯಾಂಕರ್ ಬಂದ್ ಮಾಡ್ತಾರ.”