ಗೋಪುರ ಮೆತ್ತಗಾದ ದಿನ

ಇಗರ್ಜಿಯಲ್ಲಿ ಮಾತೆ ಮರಿಯಳ ಹಬ್ಬದ ಬಲಿಪೂಜೆ ಮುಗಿಯುವ ಹೊತ್ತಿಗೆ, ಅಂಗಡಿಯ ಗಾಜಿನ ಹಿಂದೆ ನಿಂತಿದ್ದ ಚಾಕೊಲೇಟಿನ ಗೋಪುರ ಮೆಲ್ಲಗೆ ತಲೆ ವಾಲಿಸಿತು. ಗೌದೆನ್ಸಿಯೊ ಅದನ್ನು ಕಂಡೂ ಕಾಣದವನಂತೆ ಮೇಜು ಒರೆಸಿದ. ಒರೆಸಿ ತಿರುಗುವಷ್ಟರಲ್ಲಿ ಗೋಪುರದ ಸೊಂಟವೂ ಬಿದ್ದಿತ್ತು.

ಅದು ಬರೀ ಮಿಠಾಯಿಯಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಗೌದೆನ್ಸಿಯೊ ಮನೆ ಅಳಿಯ. ತಲೆಗೂದಲು ನೆರೆಯುತ್ತ ಬಂದರೂ ಅಂಗಡಿಯ ಬೋರ್ಡಿನ ಮೇಲೆ ತೀರಿಹೋದ ಮಾವ ಬ್ರೋವಿಯಾನ ಹೆಸರೊಂದೇ ಇತ್ತು. ಊರಿನ ಹಳೇ ಕಲ್ಲುಗೋಪುರವನ್ನು ಚಾಕೊಲೇಟಿನಲ್ಲಿ ಕಟ್ಟುತ್ತೇನೆ, ಹಬ್ಬದ ಮೆರವಣಿಗೆ ಅಂಗಡಿ ದಾಟುವ ತನಕ ಅದು ನೆಟ್ಟಗೆ ನಿಂತರೆ ನನ್ನ ಹೆಸರನ್ನೂ ಬರೆಸಬೇಕು ಎಂದು ಅವನೇ ಪಂಥ ಕಟ್ಟಿದ್ದ. ಅತ್ತೆ ಎರ್ಸಿಲಿಯಾ ಆಗಲಿ ಎಂದಿದ್ದಳು.

ಮಹಾಯುದ್ಧ ಮುಗಿದರೂ ಕೋಕೋ ಕಣ್ಣಿಗೆ ಬೀಳುತ್ತಿರಲಿಲ್ಲ. ಗುಡ್ಡಗಳ ತುಂಬ ಹೇಜಲ್ ಬೀಜ ಮಾತ್ರ ಬೇಕಾದಷ್ಟು. ಹಾಗಾಗಿ ಆ ಕಡೆಯ ಮಿಠಾಯಿಗಾರರೆಲ್ಲ ಚಿಟಿಕೆ ಕೋಕೋಗೆ ರಾಶಿ ಬೀಜ ಅರೆದು ಸೇರಿಸಿ, ಚಾಕುವಿನಲ್ಲಿ ಕೊಯ್ಯುವಂಥ ಅಚ್ಚು ಮಾಡುತ್ತಿದ್ದರು. ಗೌದೆನ್ಸಿಯೊನ ಅಚ್ಚು ಎಲ್ಲರದಕ್ಕಿಂತ ಗಟ್ಟಿ. ಈ ಸಂಗತಿಯನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಎರ್ಸಿಲಿಯಾಗೆ ಆ ಗಟ್ಟಿತನವೇ ಆಗಿಬರುತ್ತಿರಲಿಲ್ಲ. ತಾಯಂದಿರು ಬ್ರೆಡ್ಡಿನ ಮೇಲೆ ಅಚ್ಚಿನ ಹೋಳಿಟ್ಟು ಕೊಟ್ಟರೆ, ಮಕ್ಕಳು ಹೋಳನ್ನಷ್ಟೇ ಎತ್ತಿ ಬಾಯಿಗೆ ಹಾಕಿಕೊಂಡು ಬ್ರೆಡ್ಡನ್ನು ಮೋರಿಗೆ ಎಸೆಯುತ್ತಿದ್ದರು. ಎರಡು ಯುದ್ಧಗಳಲ್ಲಿ ಬ್ರೆಡ್ಡಿಗಾಗಿ ಸಾಲು ನಿಂತ ಹೆಂಗಸು ಅವಳು. ದಿನಾ ಸಂಜೆ ಆ ತುಂಡುಗಳನ್ನು ಆರಿಸಿ ಕೋಳಿಗಳಿಗೆ ಹಾಕುತ್ತ, "ಅಳಿಯಂದ್ರು ಮಿಠಾಯಿ ಮಾಡ್ತಾರೆ, ನಾನು ಬೀದಿ ಗುಡಿಸ್ತೀನಿ" ಎನ್ನುತ್ತಿದ್ದಳು. ಆ ಮಾತು ಗೌದೆನ್ಸಿಯೊಗೆ ಚುಚ್ಚುತ್ತಿತ್ತು.

ಈಗ ತಪ್ಪು ಎಲ್ಲಿ ಆಯಿತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೋಪುರ ಮಿರಮಿರ ಮಿಂಚಬೇಕೆಂಬ ಶೋಕಿಗೆ ಬಿದ್ದು, ಪಾಕಕ್ಕೆ ಹೇಜಲ್ ಎಣ್ಣೆಯನ್ನು ಇನ್ನೊಂದಿಷ್ಟು, ಮತ್ತೊಂದಿಷ್ಟು ಎಂದು ಸುರಿದಿದ್ದ. ಎಣ್ಣೆ ಹೆಚ್ಚಾದರೆ ಅಚ್ಚು ನಿಲ್ಲುವುದಿಲ್ಲವೆಂದು ಪಕ್ಕದ ಕ್ಷೌರಿಕನಿಗೂ ತಿಳಿದಿತ್ತು. ಅದರ ಮೇಲೆ ಆಗಸ್ಟ್ ಬಿಸಿಲು. ತನ್ನಂಥ ಮಿಠಾಯಿಗಾರ ಈ ಗುಡ್ಡಗಳಲ್ಲಿ ಇನ್ನೊಬ್ಬನಿಲ್ಲ ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಈಗ ಅದು ನಿಜವಾಯಿತು.

ಬಾಗಿಲು ಎಳೆದುಬಿಡೋಣವೆಂದರೆ, ಮಾತೆಯ ಪ್ರತಿಮೆ ಬರುವಾಗ ಅಂಗಡಿ ಮುಚ್ಚಿದವನನ್ನು ಊರು ಸುಮ್ಮನೆ ಬಿಡುತ್ತದೆಯೇ? ಅಷ್ಟರಲ್ಲಿ ಮಕ್ಕಳು ಮೆರವಣಿಗೆಗಿಂತ ಮುಂದೆ ಓಡಿಬಂದರು. ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆಂದು ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಮಕ್ಕಳು; ಇಗರ್ಜಿ ಬಾಗಿಲಲ್ಲಿ ಹಂಚಿದ ಮಂತ್ರಿಸಿದ ಬ್ರೆಡ್ಡು ಎಲ್ಲರ ಕೈಯಲ್ಲಿ. ಕಮ್ಮಾರನ ಮಗಳು ಚೆಲೆಸ್ತೀನಾ ಗಾಜಿಗೆ ಮೂಗು ಒತ್ತಿ ನೋಡಿ ಒಳಗೆ ಬಂದಳು.

"ಮಾಮ, ನಿಮ್ಮ ಗೋಪುರ ಮಲ್ಕೊಂಡ್ಬಿಟ್ಟಿದೆ."

"ಅದಕ್ಕೆ ಸುಸ್ತಾಗಿದೆ. ಬ್ರೆಡ್ ಚಾಚು, ಬೇಗ. ಎಲ್ಲಾರ್ನೂ ಕರಿ."

ಅತ್ತೆ ಪ್ರತಿಮೆಯ ಹಿಂದೆಯೇ ಮೇಣದಬತ್ತಿ ಹಿಡಿದು ಬರುತ್ತಿದ್ದಳು. ಅವಳು ಅಂಗಡಿ ಮುಟ್ಟುವುದರೊಳಗೆ ಗೋಪುರದ ಗುರುತೂ ಉಳಿಯಬಾರದು. ಗೌದೆನ್ಸಿಯೊ ಚಪ್ಪಟೆ ಚಾಕುವಿನಿಂದ ಗೋಪುರವನ್ನು ಬಾಚಿ ಬಾಚಿ, ಚಾಚಿದ ಬ್ರೆಡ್ಡಿಗೆಲ್ಲ ಬಳಿದ. ಗಾರೆಯವನೂ ಗೋಡೆಗೆ ಅಷ್ಟು ಬೇಗ ಬಳಿಯಲಾರ. ಪ್ರತಿಮೆ ದಾಟುವಾಗ ಅವನು ಚಾಕುವನ್ನು ಬೆನ್ನ ಹಿಂದೆ ಹಿಡಿದು ಶಿಲುಬೆ ಗುರುತು ಹಾಕಿಕೊಂಡ. ಎರ್ಸಿಲಿಯಾ ಸಾಲು ಬಿಟ್ಟು ಒಳಗೆ ಬಂದಳು.

"ಗೋಪುರ ಎಲ್ಲಿ, ಅಳಿಯಂದ್ರೆ?"

"ಇತ್ತು, ಅತ್ತೆ. ಈಗ್ತಾನೆ ಹೋಯ್ತು."

ಅವಳು ಹೊರಗೆ ಹೋಗಿ, ದಿನದ ಅಭ್ಯಾಸದಂತೆ ಬಗ್ಗಿ ಮೋರಿಯನ್ನು ನೋಡಿದಳು. ಒಂದು ತುಂಡೂ ಇಲ್ಲ. ಮಂತ್ರಿಸಿದ ಬ್ರೆಡ್ಡನ್ನು ಎಸೆಯುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ. ಬಳಿದದ್ದನ್ನು ಬ್ರೆಡ್ಡಿನಿಂದ ಬೇರೆ ಮಾಡುವ ಉಪಾಯವೂ ತಿಳಿಯದೆ ಮಕ್ಕಳೆಲ್ಲ ಎರಡನ್ನೂ ಸೇರಿಸಿ ತಿಂದು ಬೆರಳು ಚೀಪುತ್ತಿದ್ದರು. ಮುದುಕಿ ಒಬ್ಬೊಬ್ಬರ ಕೈಯನ್ನೂ ನೋಡಿದಳು. ಆಮೇಲೆ ಒಳಗೆ ಬಂದು ತನ್ನ ಪಾಲಿನ ಬ್ರೆಡ್ಡನ್ನು ಅಳಿಯನ ಮುಂದೆ ಚಾಚಿದಳು.

"ತಳದಲ್ಲಿ ಏನಾದ್ರೂ ಉಳ್ದಿದ್ಯಾ?"

ಅಂದಿನಿಂದ ಜನ ಡಬ್ಬಿ ಹಿಡಿದು ಬಂದು ಆ ಮೆತ್ತನೆಯದೇ ಬೇಕೆಂದರು. ಅದನ್ನು ಕಂಡುಹಿಡಿದವನು ತಾನೇ ಎಂದು ಗೌದೆನ್ಸಿಯೊ ಹೇಳಿಕೊಂಡು ತಿರುಗಿದ. ಪಕ್ಕದೂರಿನವನೂ, ಅದರಾಚೆಯ ಊರಿನವನೂ ಅದನ್ನೇ ಹೇಳುತ್ತಿದ್ದರು. ನಿಜಕ್ಕೂ ಕಂಡುಹಿಡಿದದ್ದು ಆ ವರ್ಷದ ಬಿಸಿಲು. ಚಳಿಗಾಲ ಬಂದು ಅಚ್ಚುಗಳು ಅವನು ಬಯಸುತ್ತಿದ್ದ ಹಾಗೆ ಕಲ್ಲಾದಾಗ, ಇದೇನು ಕೆಟ್ಟುಹೋಗಿದೆಯಲ್ಲ ಎಂದು ಹೆಂಗಸರು ಮುಖ ತಿರುಗಿಸಿದರು. ಅವನು ಒಲೆಯ ಪಕ್ಕ ಕೂತು ತನ್ನ ಗಟ್ಟಿ ಅಚ್ಚುಗಳನ್ನು ತಾನೇ ಕರಗಿಸಿದ.

ಕ್ರಿಸ್‌ಮಸ್ಸಿಗೆ ಮುಂಚೆ ಎರ್ಸಿಲಿಯಾ ಯಾರೂ ಕೇಳದೆಯೇ ಬೋರ್ಡು ಬರೆಯುವವನನ್ನು ಕರೆಸಿದಳು.  ಏಣಿ ಹಿಡಿದುಕೊಳ್ಳಲು ಗೌದೆನ್ಸಿಯೊನೇ ನಿಂತ. ಮೇಲೆ ಹತ್ತಿದವನು ಬ್ರೋವಿಯಾ ಹೆಸರಿನ ಮುಂದೆ ಏನು ಬರೆಯಲಿ ಎಂದು ಕೇಳಿದ.

"'ಮತ್ತು ಅಳಿಯ' ಅಂತ ಬರಿ, ಸಾಕು" ಎಂದಳು ಎರ್ಸಿಲಿಯಾ. "ಹೆಸರೆಲ್ಲ ಬೇಡ. ಬೇಸಿಗೆ ಬಂದ್ರೆ ನಿಲ್ಲುತ್ತೋ ಇಲ್ವೋ."

ಎಲ್ಲರಿಗಿಂತ ಮೊದಲು ನಕ್ಕವನು ಗೌದೆನ್ಸಿಯೊ. ಹೊಟ್ಟೆ ಕುಲುಕಿ ನಕ್ಕ ರಭಸಕ್ಕೆ ಏಣಿ ಅಲುಗಿ, ಬರೆಯುತ್ತಿದ್ದವನ ಕುಂಚ ಜಾರಿತು. ಬೋರ್ಡಿನಲ್ಲಿ ಬ್ರೋವಿಯಾ ಇವತ್ತಿಗೂ ನೆಟ್ಟಗಿದ್ದಾನೆ, ಅಳಿಯ ಮಾತ್ರ ಒಂದು ಕಡೆಗೆ ವಾಲಿಕೊಂಡಿದ್ದಾನೆ.