ಎರಡನೆಯ ಪತ್ರೆ

ಜಂಗಮರು ಸತ್ತವನ ಕೊರಳ ಕರಡಿಗೆ ಬಿಚ್ಚಿದರೆ ಒಳಗೆ ಎರಡು ಇಷ್ಟಲಿಂಗಗಳಿದ್ದವು. ಅರಕಲಗೂಡಿನ ಆ ನಡುಮನೆಯಲ್ಲಿ, ಕೊಡಗಿನ ಗಡಿ ಕಾದ ಪೊಲೀಸ್ ದಫೇದಾರ ಚಂದ್ರಶೇಖರಯ್ಯನ ದೇಹವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಸಮಾಧಿಗೆ ಒಯ್ಯುವ ಮೊದಲು ಅಂಗೈಯಲ್ಲಿ ಅವನ ಲಿಂಗವನ್ನಿಡಬೇಕಿತ್ತು.

“ಯಾವುದವ್ವಾ ಯಜಮಾನ್ರುದು?”

ಹೆಂಡತಿ ಗಂಗಾಂಬಿಕೆ ಬಗ್ಗಿ ನೋಡಿದಳು; ಇನ್ನೊಂದು ಯಾರದೆಂದು ಆಗ ಹೊಳೆಯಿತು. ಹತ್ತು ವರ್ಷದ ಹಿಂದೆ, ಮೂವತ್ತೊಂದನೆಯ ಇಸವಿಯಲ್ಲಿ, ಗಂಧದ ಕಳ್ಳ ಸಿದ್ಧಬಸವನನ್ನು ಗಂಡ ಹೊಳೆದಂಡೆಯಲ್ಲಿ ಗುಂಡು ಹೊಡೆದು ಕೊಂದಿದ್ದ. ಸರ್ಕಾರ ಪದಕ ಕೊಟ್ಟಿತ್ತು. ಹೆಣದ ಕೊರಳಲ್ಲಿ ಲಿಂಗವಿರಲಿಲ್ಲ. ಲಿಂಗವಿಲ್ಲದೆ ಮಗನನ್ನು ಹೇಗೆ ಮಣ್ಣು ಮಾಡಲೆಂದು ಗೋಳಿಟ್ಟ ತಾಯಿಯ ಜೊತೆ ಗಂಗಾಂಬಿಕೆಯೂ ದಡದ ಮರಳನ್ನೆಲ್ಲ ಜಾಲಾಡಿದ್ದಳು. “ಹೊಳೇಲಿ ಕೊಚ್ಕೊಂಡು ಹೋಗಿರ್ಬೇಕು, ಬಿಡು,” ಎಂದಿದ್ದ ಗಂಡ. ಮಾರನೆಯ ದಿನದಿಂದಲೇ ಬಾಗಿಲು ಮುಚ್ಚಿ ಮಾಡುವ ಪೂಜೆಗೆ ಎರಡು ಬಿಲ್ವಪತ್ರೆ ಕೇಳತೊಡಗಿದ. ಅವಳೊಡನೆ ಒಂದು ಒಳ್ಳೆಯ ಮಾತಾಡಿದ ಮನುಷ್ಯನಲ್ಲ. ಎರಡನೆಯದು ತನ್ನ ಹೆಸರಿಗೆ ಎಂದುಕೊಂಡು ಅವಳು ಹತ್ತು ವರ್ಷ ಒಳಗೊಳಗೇ ಹಿಗ್ಗಿದ್ದಳು.

ಸಿಕ್ಕಿದ್ದನ್ನು ಆ ತಾಯಿಗೆ ಕೊಡಬಾರದಿತ್ತೇ? ಕೊಡದವನು ದಿನಾ ಪೂಜಿಸಿದ್ದಾದರೂ ಏಕೆ? ಎರಡೂ ಒಂದೇ ಕಪ್ಪು, ಒಂದೇ ನುಣುಪು. ಅವಳು ಒಂದನ್ನೆತ್ತಿದಳು, ಇಟ್ಟಳು, ಇನ್ನೊಂದನ್ನೆತ್ತಿದಳು. ತಪ್ಪಿದರೆ ಕಳ್ಳನ ಲಿಂಗ ದಫೇದಾರನ ಜೊತೆ ಮಣ್ಣಿಗೆ, ದಫೇದಾರನದು ಆ ಮುದುಕಿಯ ಮಡಿಲಿಗೆ.

“ಹೊತ್ತಾಗ್ತದೆ, ಹೇಳವ್ವಾ.”

“ನಂಗೊತ್ತಿಲ್ಲ ಬುದ್ದಿ,” ಎಂದಳು ಗಂಗಾಂಬಿಕೆ. “ಎಲ್ಡುಕ್ಕೂ ಪೂಜೆ ಮಾಡ್ತಿದ್ದೋರು ಅವರು. ನಾನು ಬರೀ ಪತ್ರೆ ಕಿತ್ಕೊಡ್ತಿದ್ದೋಳು.”