ಅಮಾವಾಸ್ಯೆಯ ಸೂಟಿ

ಕ್ವಾರಿ ಮಾಲೀಕ ಅನಂತರಾಜುವಿನ ಏಟಿಗೆ ಕೀರ್ತಿಯ ತುಟಿ ಸೀಳಿತು. ಯಲಹಂಕದಲ್ಲಿ ಭೂಕಂಪಮಾಪಕ ನೋಡಿಕೊಳ್ಳುವ ಕಲಬುರಗಿಯ ಆ ಹುಡುಗಿಯ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದಿದ್ದವನು ಕ್ವಾರಿಯ ಆಳು ಗಿರಿ. ಮೊನ್ನೆ ನೆಲ ಅದುರಿ, ಗೋಡೆ ಬಿದ್ದು ಅವನ ತಾಯಿ ಸತ್ತಿದ್ದಳು. ಭೂಕಂಪವೇ ಕೊಂದಿತೆಂದು ಅವನು ನಂಬಿದ್ದ.

“ಭೂಮಿಯೊಳಗೆ ಪ್ಲೇಟ್ ಜರುಗ್ತು ಅಂತ ಬರ್ಕೊಡಮ್ಮ, ಸಾಕು,” ಎಂದ ಅನಂತರಾಜು.

ಕೀರ್ತಿ ರಕ್ತ ಉಗುಳಿದಳು. “ತಿಂಗಳಿಂದ ದಿನಾ ನಡುಗ್ಯದ್ರೀ. ಅಮಾಸಿ ದಿನ ಅಷ್ಟ ಮಷೀನಿನ ಗೆರಿ ಅಳ್ಳಾಡಿಲ್ಲ. ಭೂಮಿ ಪ್ಲೇಟಿಗೂ ಅಮಾಸಿ ಸೂಟಿ ಇರ್ತದೇನ್ರೀ?”

ಗಿರಿಯ ಹಿಡಿತ ಸಡಿಲವಾಯಿತು. ಅಮಾವಾಸ್ಯೆಯಂದು ಕ್ವಾರಿಗೆ ರಜೆ, ಬಂಡೆ ಸಿಡಿಸುವುದಿಲ್ಲ. ಕೊರೆಯುವ ಯಂತ್ರಕ್ಕೆ ಪೂಜೆ ಮಾಡಿ ಕುಂಬಳಕಾಯಿ ಒಡೆದವನು ಅವನೇ.

“ಯಾಕೋ ಬಿಟ್ಟೆ?” ಅನಂತರಾಜು ಗದರಿದ.

“ನಮ್ಮಮ್ಮನ ಚಟ್ಟಕ್ಕೆ ಹೆಗಲು ಬೇರೆ ಕೊಟ್ಯಲ್ಲಣ್ಣ,” ಎನ್ನುತ್ತ ಗಿರಿ ಎರಡೂ ಕೈಯಿಂದ ಮಾಲೀಕನ ಗಂಟಲು ಅಮುಕಿದ.